ಸಹಾಯ ಬೇಕು: ಚೌಡಿಕೆಯ ಚರ್ಮ ಸೀಳುತ್ತಿದೆ

ನಮಸ್ಕಾರ. ನಾವು ಕೊಪ್ಪಳ ಹತ್ತಿರದ ಹುಲಿಗಿಯವರು. ನಮ್ಮ ಅತ್ತೆ ಹುಲಿಗೆಮ್ಮನ ಗುಡಿ ಮುಂದೆ ನುಡಿಸುತ್ತಿದ್ದ ಚೌಡಿಕೆ ಎಂಬ ತಂತಿವಾದ್ಯದ ಚರ್ಮ ಹರಿದಿದೆ. ಮರದ ಕೊಳಗ, ಕೋಲು, ಬಿರಡೆ ಎಲ್ಲ ಗಟ್ಟಿಯಾಗಿವೆ.

ಚೌಡಿಕೆಯಲ್ಲಿ ತಂತಿ ಚರ್ಮದ ನಡುವಿನಿಂದಲೇ ಹೊರಟು ಬಿರಡೆಗೆ ಹೋಗುತ್ತದೆ. ಎಳೆತವೆಲ್ಲ ಆ ಒಂದು ತೂತಿನ ಮೇಲೆ. ಬಂಗಾಳದ ಬಾವುಲ ಹಾಡುಗಾರರ ವಾದ್ಯವಾದ ಖಮಕ್‌ನಲ್ಲೂ ತಂತಿ ಹೀಗೇ ಚರ್ಮದಿಂದ ಬರುತ್ತದೆ ಅಲ್ವಾ?

ತಬಲಾ ರಿಪೇರಿಯವರಿಂದ ದಪ್ಪ ಚರ್ಮ ಹಾಕಿಸಿದೆವು, ನಾದವೇ ಸತ್ತುಹೋಯಿತು. ತೆಳು ಆಡಿನ ಚರ್ಮಕ್ಕೆ ದನಿ ಚೆನ್ನಾಗಿ ಬಂತು, ಆದರೆ ಬಿಗಿ ಮಾಡುತ್ತಿದ್ದಂತೆ ತೂತು ಸೀಳಿತು. ಪ್ಲಾಸ್ಟಿಕ್ ಹಾಳೆ ಹಾಕಿ ಅಂತಾರೆ, ಅತ್ತೆಯ ಚೌಡಿಕೆಗೆ ಅದನ್ನು ಹಾಕಲು ಮನಸ್ಸು ಬರುತ್ತಿಲ್ಲ.

ಚೌಡಿಕೆ ಕಟ್ಟಿ ಗೊತ್ತಿರುವವರು ದಯವಿಟ್ಟು ಹೇಳಿ: ತೆಳು ಚರ್ಮ ಸೀಳದಂತೆ ತಂತಿಯ ಗಂಟಿನ ಹಿಂದೆ ಏನಿಡಬೇಕು, ಕಟ್ಟಿಗೆ ಬಿಲ್ಲೆಯೋ, ದಪ್ಪ ಚರ್ಮದ ತುಂಡೋ?