ಮಾಗಡಿ ಕೆರೆಯ ಹೆಬ್ಬಾತು, ನನ್ನ ಮಬ್ಬು ಫೋಟೋ, ಮತ್ತು ಚಪ್ಪಾಳೆ ತಟ್ಟಿದ ಪುಣ್ಯಾತ್ಮ

ಬಾಡಿಗೆ ಲೆನ್ಸ್:
ಹೋದ ಭಾನುವಾರ ಮಾಗಡಿ ಕೆರೆಗೆ ಹೋಗಿದ್ದೆ. ಬೆಂಗಳೂರು ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆಯದು. ಪಟ್ಟೆತಲೆ ಹೆಬ್ಬಾತು ನೋಡಬೇಕು ಅಂತ ಮೂರು ವರ್ಷದಿಂದ ಆಸೆ. 150-600 ಎಂಎಂ ಉದ್ದ ಲೆನ್ಸ್ ಬಾಡಿಗೆಗೆ ತಂದೆ. ಕ್ಯಾಮೆರಾ ನನ್ನದೇ ಹಳೆಯದು, ಕ್ರಾಪ್ ಸೆನ್ಸರ್ (ಸಣ್ಣ ಅಳತೆಯದು), 24 ಮೆಗಾಪಿಕ್ಸೆಲ್. ಐದು ಫೋಟೋ ಹಾಕಿದ್ದೇನೆ.

ಎರಡು ಪ್ರಶ್ನೆ. ಫೋಟೋ ಯಾಕೆ ಹೀಗೆ ಮಬ್ಬಾಗಿದೆ? ಶಟರ್ 1/2000 ಸೆಕೆಂಡ್ ಇತ್ತು. ಫೋಕಸ್ ಚೌಕ ಹಕ್ಕಿಯ ತಲೆಯ ಮೇಲೆಯೇ ಇತ್ತು. ಆದರೂ ತಲೆಯ ಕಪ್ಪು ಪಟ್ಟೆ ನೀರಲ್ಲಿ ಕಲಸಿದ ಹಾಗೆ ಬಂದಿದೆ. ಗದಗದಲ್ಲಿ ತಿಂಡಿ ತಿಂದು ಕೆರೆ ಮುಟ್ಟಿದಾಗ ಹತ್ತೂವರೆ.

ಎರಡನೆಯದು ಫೋಟೋದ್ದಲ್ಲ. ನಾನು ಏರಿ ಮೇಲೆ ಕೂತು ಹತ್ತು ನಿಮಿಷ ಆಗಿರಲಿಲ್ಲ, ಎಂಟು ಹತ್ತು ಜನ ಬಂದರು. ಎಲ್ಲರ ಹೆಗಲಲ್ಲೂ ತೋಪಿನಂಥ ಲೆನ್ಸ್. ಒಬ್ಬರು ನೀರಿನ ಅಂಚಿನವರೆಗೆ ನಡೆದು ಹೋಗಿ ಚಪ್ಪಾಳೆ ತಟ್ಟಿದರು. ಇನ್ನೂರರ ಮೇಲೆ ಹಕ್ಕಿ ಒಟ್ಟಿಗೆ ಎದ್ದವು. ಉಳಿದವರು ನಿಂತಲ್ಲೇ ಟರ್ರ್ ಅಂತ ಫೋಟೋ ಹೊಡೆದರು. ನಾನೂ ಹೊಡೆದೆ, ಸುಳ್ಳು ಹೇಳಲ್ಲ. ಮನೆಗೆ ಬಂದ ಮೇಲೆ ಏನೋ ಸರಿ ಅನ್ನಿಸಲಿಲ್ಲ. ನಾನೇ ಜಾಸ್ತಿ ಯೋಚನೆ ಮಾಡ್ತಿದ್ದೀನಾ?

ಆರುನೂರು ಎಂಎಂ:
ಮಬ್ಬಿಗೆ ಕಾರಣ ಬಿಸಿಲ ಝಳ. ಲೆನ್ಸ್ ತಪ್ಪಲ್ಲ, ಕ್ಯಾಮೆರಾ ತಪ್ಪಲ್ಲ. ಅಲ್ಲಿ ಸುತ್ತ ಎರೆಭೂಮಿ. ಒಂಬತ್ತು ದಾಟಿದರೆ ನೆಲ ಕಾದು ಗಾಳಿ ಕುದಿಯುತ್ತದೆ. 600ರಲ್ಲಿ ನೋಡುವಾಗ ಆ ಕುದಿಯುವ ಗಾಳಿಯನ್ನೂ ಹಿಗ್ಗಿಸಿ ನೋಡುತ್ತಿರುತ್ತೀರಿ. ಹತ್ತು ಲಕ್ಷದ ಲೆನ್ಸ್ ಹಾಕಿದರೂ ಅಷ್ಟೇ. ಕಾರಿನ ಕಿಟಕಿಯಿಂದ ತೆಗೆದದ್ದು ಇದ್ದರೆ ಇನ್ನೂ ಕೆಟ್ಟದಾಗಿರುತ್ತದೆ, ಒಳಗಿನ ಬಿಸಿಗಾಳಿ ಅಲ್ಲೇ ಹೊರಗೆ ಬರುತ್ತಿರುತ್ತದೆ. ಬಾಡಿಗೆ ಲೆನ್ಸಿನ ಮುಂದೆ ಯುವಿ ಫಿಲ್ಟರ್ ಹಾಕಿ ಕೊಟ್ಟಿದ್ದರಾ? ಮುಂದಿನ ಸಲ ಬಿಚ್ಚಿಬಿಡಿ.

ಎರಡನೇ ಪ್ರಶ್ನೆಗೆ: ಹೌದು, ಜಾಸ್ತಿ ಯೋಚನೆ ಮಾಡ್ತಿದ್ದೀರಿ. ನಾಯಿ ಬಂದರೂ ಏಳುತ್ತವೆ, ಗಿಡುಗ ಬಂದರೂ ಏಳುತ್ತವೆ. ಎರಡು ಸುತ್ತು ಹಾಕಿ ಅಲ್ಲೇ ಕೂರುತ್ತವೆ. ಹಾರುವುದೇ ಹಕ್ಕಿ ಕೆಲಸ.

ಹಳೇ ದುರ್ಬೀನು:
"ಹಾರುವುದೇ ಹಕ್ಕಿ ಕೆಲಸ". ಭೇಷ್. ಓಡುವುದು ನಿಮ್ಮ ಕಾಲಿನ ಕೆಲಸ. ಮಧ್ಯಾಹ್ನ ಊಟ ಮಾಡಿ ಮಲಗಿದಾಗ ನಿಮ್ಮ ಕಿವಿ ಹತ್ತಿರ ದಿನಕ್ಕೆ ನಾಲ್ಕು ಸಲ ತಮಟೆ ಹೊಡೆಸೋಣವಾ?

ಈ ಹೆಬ್ಬಾತುಗಳು ರಾತ್ರಿ ಪಾಳಿಯವು. ಸಂಜೆ ಹೊಲಕ್ಕೆ ಮೇಯಲು ಹೋಗುತ್ತವೆ, ಬೆಳಗ್ಗೆ ಕೆರೆಗೆ ಬರುತ್ತವೆ. ಹಗಲು ಕೆರೆಯಲ್ಲಿ ಇರುವುದು ನೀರು ಕುಡಿದು ಮಲಗಲಿಕ್ಕೆ. ನೀವು ಎಬ್ಬಿಸುವುದು ಆ ನಿದ್ದೆಯಿಂದ. ಚಳಿಗಾಲ ಮುಗಿದ ಮೇಲೆ ಇವು ಹಿಮಾಲಯ ದಾಟಿ ವಾಪಸ್ ಹೋಗಬೇಕು. 7,000 ಮೀಟರ್‌ಗಿಂತ ಮೇಲೆ ಹಾರಿದ್ದು ಜಿಪಿಎಸ್ ಕಟ್ಟಿ ಅಳೆದ ದಾಖಲೆಯಿದೆ. ಆ ದಾರಿಗೆ ಬೇಕಾದ ಕೊಬ್ಬು ಮೈಗೂಡುವುದು ಇಲ್ಲಿ. ಒಬ್ಬರು ಒಂದು ಸಲ ಎಬ್ಬಿಸಿದರೆ ಏನೂ ಆಗಲ್ಲ, ಒಪ್ಪುತ್ತೇನೆ. ಭಾನುವಾರ ಬರುವವರೆಲ್ಲ "ನಾನು ಒಂದೇ ಸಲ" ಅನ್ನುತ್ತಾರೆ.

ಶಿಗ್ಲಿ ರಸ್ತೆಯವ:
ನಮ್ಮೂರು ಅಲ್ಲಿಂದ ದೂರ ಇಲ್ರೀ. ನಾನು ಫೋಟೋದವನಲ್ಲ, ಸುಮ್ನೆ ಓದ್ತಿದ್ದೆ. ಆದರೂ ಒಂದು ಮಾತು ಹೇಳಬೇಕು ಅನ್ನಿಸಿತು.

ಎಮ್ಮೆ ನೀರಿಗೆ ಇಳಿದರೆ ಆ ಹಕ್ಕಿ ಕತ್ತೂ ಎತ್ತಲ್ಲ. ಬಟ್ಟೆ ಒಗೆಯುವವರು ಬಂದರೂ ಅಷ್ಟೇ, ದಿನಾ ನೋಡಿದ ಮುಖ. ಏರಿ ಮೇಲೆ ಕೂತವರನ್ನೂ ಲೆಕ್ಕಕ್ಕೆ ತಗೊಳ್ಳಲ್ಲ. ಆದರೆ ಮನುಷ್ಯ ನೆಟ್ಟಗೆ ತನ್ನ ಕಡೆಗೇ ನಡೆದು ಬಂದರೆ ಗೊತ್ತಾಗುತ್ತದೆ. ಮೊದಲು ಒಂದು ಕತ್ತು ಎತ್ತುತ್ತದೆ. ಆಮೇಲೆ ಹತ್ತು. ಆಮೇಲೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಕ್ಯಾಂಕ್ ಕ್ಯಾಂಕ್ ಶುರು. ಅಲ್ಲಿಗೆ ಮುಗೀತು.

ಕೆರೆಯಿಂದ ಹಗಲು ಎಬ್ಬಿಸಿದರೆ ಹೋಗಿ ಕೂರುವುದು ಎಲ್ಲಿ ಅಂತ ಯಾರಾದರೂ ನೋಡಿದ್ದೀರಾ? ನಮ್ಮ ಕಡಲೆ ಹೊಲದಲ್ಲಿ. ರಾತ್ರಿ ತಿನ್ನುವುದು ಸಾಲದು ಅಂತ ಹಗಲೂ ಊಟ. ಹೆಬ್ಬಾತಿನ ಮೇಲೆ ನಮಗೆ ಸಿಟ್ಟಿಲ್ಲ, ಅಜ್ಜನ ಕಾಲದಿಂದ ಬರ್ತಾವೆ. 2024ರಲ್ಲಿ ನಮ್ಮ ಕೆರೆ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಭೂಮಿಗಳ ಪಟ್ಟಿಗೆ ಸೇರಿತು ಅಂತ ಪೇಪರಿನಲ್ಲಿ ಬಂದ ಮೇಲೆ ಕಾರು ಜಾಸ್ತಿ ಆಗಿವೆ. ಹೊಲದ ಬದುವಿನ ಮೇಲೆ ಗಾಲಿ ಹತ್ತಿಸಿ ನಿಲ್ಲಿಸಿ ಹೋಗುತ್ತಾರೆ. ಅದೊಂದು ಬಿಡಿಸಿ ನೋಡೋಣ.

ಕಳ್ಳಿಪೀರ:
ಸ್ವಲ್ಪ ಲೆಕ್ಕ ಹಾಕೋಣ. ಕ್ರಾಪ್ ಸೆನ್ಸರಿನಲ್ಲಿ 600 ಇಟ್ಟು 50 ಮೀಟರ್ ಆಚೆ ನೋಡಿದರೆ ಫ್ರೇಮಿನ ಅಗಲಕ್ಕೆ ಹೆಚ್ಚೂಕಡಿಮೆ 2 ಮೀಟರ್ ಜಾಗ ಸಿಗುತ್ತದೆ. ಹೆಬ್ಬಾತು ಮುಕ್ಕಾಲು ಮೀಟರ್ ಉದ್ದ. 24 ಮೆಗಾಪಿಕ್ಸೆಲ್ ಅಂದರೆ ಅಗಲಕ್ಕೆ 6,000 ಪಿಕ್ಸೆಲ್. ಅದರಲ್ಲಿ ಹಕ್ಕಿಗೆ 2,200 ಬಂತು. ಕತ್ತು ಮಡಚಿ ಕೂತಿದೆ ಅಂದರೂ 1,500 ಅನ್ನಿ. ಇನ್‌ಸ್ಟಾಗ್ರಾಮಿಗೆ ಬೇಕಾಗಿರುವುದು 1,080.

ಅಂದರೆ 50 ಮೀಟರಿನಿಂದ ಒಂದು ಹೆಜ್ಜೆ ಮುಂದೆ ಹೋಗುವ ಅಗತ್ಯವೇ ಇಲ್ಲ. ದೂರ ನಿಲ್ಲಲಿ ಅಂತ ತಾನೇ ಉದ್ದ ಲೆನ್ಸ್ ಕಂಡುಹಿಡಿದದ್ದು? 300 ಇದ್ದವರು 30 ಮೀಟರಿಗೆ ಹೋಗುತ್ತಿದ್ದರು. 600 ಬಂತು, ಈಗಲೂ 30 ಮೀಟರಿಗೇ ಹೋಗುತ್ತಾರೆ. ಮೊದಲು ಹಕ್ಕಿ ಬೇಕಿತ್ತು, ಈಗ ಕಣ್ಣಿನಲ್ಲಿ ತಮ್ಮದೇ ಬಿಂಬ ಬೇಕು.

ಆರುನೂರು ಎಂಎಂ:
ಲೆಕ್ಕ ಪುಸ್ತಕದಲ್ಲಿ ಚೆಂದ. 50 ಮೀಟರಿನ ಝಳ, ಧೂಳು, ಲೆನ್ಸಿನ ಎಫ್/6.3 ಕಿಂಡಿಯ ಕಡಿಮೆ ಬೆಳಕು ಎಲ್ಲ ಸೇರಿದ ಮೇಲೆ ಆ 1,500 ಪಿಕ್ಸೆಲಿನಲ್ಲಿ ಎಷ್ಟು ಉಳಿಯುತ್ತದೆ ಅಂತ ಮೇಲಿನ ಐದು ಫೋಟೋ ನೋಡಿ. ಗೋಡೆ ಅಗಲ ಪ್ರಿಂಟ್ ಹಾಕಿಸುವವರೂ ಇರುತ್ತಾರೆ, ಎಲ್ಲರೂ ಇನ್‌ಸ್ಟಾ ಮಂದಿಯಲ್ಲ.

ಇನ್ನೊಂದು. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಕಾಲದ ದೊಡ್ಡವರನ್ನೆಲ್ಲ ನಾವು ತಲೆ ಮೇಲೆ ಇಟ್ಟುಕೊಳ್ಳುತ್ತೇವೆ. ಸರಿಯೇ. ಆ ಕಾಲದ ಹಕ್ಕಿ ಚಿತ್ರಗಳಲ್ಲಿ ಎಷ್ಟೋ ಗೂಡಿನ ಪಕ್ಕ ಮರೆ ಕಟ್ಟಿ ಕೂತು ತೆಗೆದವಲ್ಲವಾ? ಅವರು ಮಾಡಿದರೆ ಕಲೆ, ನಾವು ಕೆರೆ ಅಂಚಿಗೆ ಹೋದರೆ ಪಾಪ.

ಹಳೇ ದುರ್ಬೀನು:
ಅವರ ಹತ್ತಿರ 600 ಇರಲಿಲ್ಲ, ಸ್ವಾಮಿ. ಇದ್ದ ಲೆನ್ಸ್ ಗಿಡ್ಡ, ಫಿಲ್ಮ್ ನಿಧಾನದ್ದು. ಹಕ್ಕಿ ತಪ್ಪದೆ ವಾಪಸ್ ಬರುವ ಜಾಗ ಅಂದರೆ ಗೂಡು ಒಂದೇ. ಅದಕ್ಕೆ ಅಲ್ಲಿಗೆ ಹೋದರು. ಮರೆಯನ್ನು ದೂರದಲ್ಲಿ ನಿಲ್ಲಿಸಿ, ದಿನಕ್ಕಿಷ್ಟು ಅಂತ ಹತ್ತಿರ ಸರಿಸಿ, ಹಕ್ಕಿ ಒಗ್ಗಿದ ಮೇಲೆ ಒಳಗೆ ಕೂರುತ್ತಿದ್ದರು. ಅಂಥವರು ಇಡೀ ರಾಜ್ಯಕ್ಕೆ ಬೆರಳೆಣಿಕೆ. ಇವತ್ತು ಒಂದು ಗೂಡಿನ ಲೊಕೇಶನ್ ವಾಟ್ಸಾಪಿನಲ್ಲಿ ಬಿದ್ದರೆ ಶನಿವಾರ ಬೆಳಗ್ಗೆ ಅಲ್ಲಿ ಕ್ಯೂ.

ನಾನೇ ಕಂಡದ್ದು ಹೇಳುತ್ತೇನೆ. ಮೇ ತಿಂಗಳು, ತೋಟವೊಂದರ ಅಂಚಿನಲ್ಲಿ ಉದ್ದ ಬಾಲದ ರಾಜಹಕ್ಕಿ ಗೂಡು. ನನ್ನ ಎದೆಯೆತ್ತರದ ಕವಲಿನಲ್ಲಿ, ಟೀ ಲೋಟದ ಬಾಯಿಯಷ್ಟು ಅಗಲ, ಹೊರಗೆಲ್ಲ ಜೇಡರ ಬಲೆ ಮೆತ್ತಿದ್ದು. ಮೂರು ಮರಿ. ಮೇಲೆ ಎಲೆಗಳು ಚಪ್ಪರದ ಹಾಗೆ ಇದ್ದವು. ಎರಡು ದಿನ ಬಿಟ್ಟು ಹೋದೆ, ಚಪ್ಪರ ಇಲ್ಲ. ಮುರಿದದ್ದಲ್ಲ, ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು. ಬಾಲ ಅಡ್ಡ ಬರದೆ ಪೂರ್ತಿ ಬರಲಿ ಅಂತ. ನೆಲದ ಮೇಲೆ ಬೂಟಿನ ಗುರುತು, ಟ್ರೈಪಾಡ್ ಊರಿದ ಮೂರು ತೂತು. ನೆತ್ತಿ ಮೇಲಿನ ಬಿಸಿಲು ನೇರ ಗೂಡಿಗೆ. ಮರಿಗಳು ಬಾಯಿ ತೆರೆದುಕೊಂಡೇ ಇದ್ದವು. ಹಸಿವಿಗಲ್ಲ, ಸೆಕೆಗೆ. ಮತ್ತೆ ಎರಡು ದಿನಕ್ಕೆ ಗೂಡು ಖಾಲಿ. ಕಾಗೆಯೋ ಮಟಪಕ್ಷಿಯೋ, ಯಾರಿಗೆ ಗೊತ್ತು. ಆ ಫೋಟೋ ಎಲ್ಲೋ ಸಾವಿರ ಲೈಕ್ ತಗೊಂಡಿರುತ್ತದೆ.

ಅಂದಹಾಗೆ 1972ರ ವನ್ಯಜೀವಿ ಕಾಯ್ದೆಯಲ್ಲಿ "ಬೇಟೆ" ಅನ್ನುವ ಪದಕ್ಕೆ ಕೊಟ್ಟಿರುವ ಅರ್ಥ ಒಂದು ಸಲ ಓದಿ. ಕಾಡುಹಕ್ಕಿಯ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ಬಂದೂಕೇ ಬೇಕು ಅಂತ ಇಲ್ಲ.

ಮಿಂಚುಳ್ಳಿ:
ದುರ್ಬೀನು ಸರ್, ಗೂಡಿನ ವಿಷಯದಲ್ಲಿ ನಿಮ್ಮ ಮಾತಿಗೆ ನೂರಕ್ಕೆ ನೂರು. ಆದರೆ ಕಳ್ಳಿಪೀರ ಅವರ 50 ಮೀಟರನ್ನು ಎಲ್ಲರೂ ಕಾನೂನು ಮಾಡಿಕೊಂಡುಬಿಟ್ಟರೆ ಅಂತ ನನಗೆ ಭಯ.

ನಾನು ರಂಗನತಿಟ್ಟಿಗೆ ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತೇನೆ. ಅಲ್ಲಿ ದೋಣಿ ಬಂಡೆಯ ಪಕ್ಕದಲ್ಲೇ ಹೋಗುತ್ತದೆ. ಬಣ್ಣದ ಕೊಕ್ಕರೆ ಗೂಡಿನಲ್ಲಿ ಕಡ್ಡಿ ಸರಿಮಾಡುತ್ತಾ ಇರುತ್ತದೆ, ನಮ್ಮನ್ನು ತಿರುಗಿಯೂ ನೋಡಲ್ಲ. ಅಲ್ಲಿ 600 ತಗೊಂಡು ಹೋದರೆ ಬರೀ ಕೊಕ್ಕು ಬರುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆ ಗೂಡು ಮನೆ ಹೆಂಚಿನ ಮೇಲಿನ ಹುಣಸೆ ಮರದಲ್ಲಿ, ಕೆಳಗೆ ಅಂಗಳ ಗುಡಿಸುತ್ತಿರುತ್ತಾರೆ. ಅದೇ ಒಂದು ಟಿಟ್ಟಿಭದ ಮೊಟ್ಟೆ ಬಯಲಲ್ಲಿ ಇರಲಿ, ನೂರು ಮೀಟರ್ ಇರುವಾಗಲೇ ಊರೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಅಲ್ಲಿ ನೂರು ಮೀಟರೂ ಹತ್ತಿರವೇ.

ಶಿಗ್ಲಿ ರಸ್ತೆಯವರು ಹೇಳಿದರಲ್ಲ, ಮೊದಲು ಒಂದು ಕತ್ತು, ಆಮೇಲೆ ಹತ್ತು. ಅದನ್ನು ನೋಡಲು ಕ್ಯಾಮೆರಾದಿಂದ ಕಣ್ಣು ತೆಗೆಯಬೇಕು. ಉದ್ದ ಲೆನ್ಸಿನ ದೊಡ್ಡ ತೊಂದರೆ ಇದೇ. ಒಂದು ಹಕ್ಕಿಯ ತಲೆ ಬಿಟ್ಟು ಬೇರೇನೂ ಕಾಣಲ್ಲ. ಪಕ್ಕದ ಇಪ್ಪತ್ತು ಕತ್ತು ಎತ್ತಿದ್ದೇ ಗೊತ್ತಾಗಲ್ಲ. ನಾನೂ ಹಾಗೆ ಎಬ್ಬಿಸಿದ್ದೇನೆ, ಬೇಕಂತಲೇ ಅಲ್ಲ.

ಕಳ್ಳಿಪೀರ:
ಒಪ್ಪಿದೆ, 50 ವಾಪಸ್ ತಗೊಂಡೆ.

@ಬಾಡಿಗೆ ಲೆನ್ಸ್, ನಿಮ್ಮ ಮೂರನೇ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದೆ. ಎಡಗಡೆ ಹಿಂದಿನ ಸಾಲು, ಬಲದಿಂದ ಎರಡನೆಯ ಹೆಬ್ಬಾತು. ಕತ್ತಿನಲ್ಲಿ ಹಸಿರು ಪಟ್ಟಿ ಇದೆಯಲ್ಲವಾ?

ಬಾಡಿಗೆ ಲೆನ್ಸ್:
ಹೌದು! ನಾನು ಗಮನಿಸಿಯೇ ಇರಲಿಲ್ಲ. ಪಾಚಿ ಅಂದುಕೊಂಡಿದ್ದೆ. ಏನದು?

ಕಳ್ಳಿಪೀರ:
ಕಾಲರ್. ಸಂಶೋಧಕರು ಹಾಕಿದ್ದು. ಅದರ ಮೇಲೆ ಅಕ್ಷರ, ಅಂಕಿ ಇರುತ್ತದೆ. ಅದನ್ನು ಓದಿದರೆ ಈ ಹಕ್ಕಿಗೆ ಎಲ್ಲಿ, ಯಾವ ವರ್ಷ ಕಾಲರ್ ಹಾಕಿದ್ದು ಅಂತ ಸಿಗುತ್ತದೆ. ಮಂಗೋಲಿಯಾದಲ್ಲಿ ಕಾಲರ್ ಹಾಕಿದ ಹೆಬ್ಬಾತು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡದ್ದಿದೆ. ನಿಮ್ಮ ಫೋಟೋದಲ್ಲಿ ಮೊದಲನೆಯದು ಎಫ್ ಇರಬಹುದು, ಇ ಕೂಡ ಇರಬಹುದು. ಮುಂದಿನದು ಝಳದಲ್ಲಿ ಕಲಸಿಹೋಗಿದೆ. ಅದೇ ಹಕ್ಕಿಯ ಬೇರೆ ಫ್ರೇಮ್ ಇದೆಯಾ? ಝಳದಲ್ಲಿ ಇಪ್ಪತ್ತು ಮೂವತ್ತು ಹೊಡೆದರೆ ಒಂದರಲ್ಲಿ ಗಾಳಿ ನಿಂತಿರುತ್ತದೆ.

ಬಾಡಿಗೆ ಲೆನ್ಸ್:
ಈಗ ಕೂತು ಎಲ್ಲ ನೋಡಿದೆ. ಒಟ್ಟು 640 ಫ್ರೇಮ್. ಕೂತ ಹಕ್ಕಿಯದು 31. ಮೇಲೆ ಹಾಕಿದ ಮೂರನೇ ಫೋಟೋವೇ ಅವುಗಳಲ್ಲಿ ಕೊನೆಯದು, ಟೈಮ್ 10:52. ಅದರ ಮುಂದಿನ ಫ್ರೇಮಿನಲ್ಲಿ ಎಲ್ಲವೂ ರೆಕ್ಕೆ ಬಿಚ್ಚಿವೆ. ಉಳಿದದ್ದೆಲ್ಲ ಹಕ್ಕಿಗಳ ಹಿಂಭಾಗ. ಎಬ್ಬಿಸಿದ್ದರಿಂದ ನಮ್ಮ ಕಡೆಗೆ ಬೆನ್ನು ಹಾಕಿಯೇ ಹಾರಿವೆ.

ಹಳೇ ದುರ್ಬೀನು:
😐

ಆರುನೂರು ಎಂಎಂ:
ಕಾಲರ್ ವಿಷಯ ನನಗೆ ಗೊತ್ತಿರಲಿಲ್ಲ. ಅದು ಹೋದದ್ದು ನಷ್ಟವೇ. ಚಪ್ಪಾಳೆ ತಟ್ಟಿದ್ದು ಸರಿ ಅಂತ ಇನ್ನು ವಾದ ಮಾಡಲ್ಲ. ನಾನು ಹೋದಾಗ ತಟ್ಟಿಲ್ಲ, ಯಾರೋ ತಟ್ಟಿದಾಗ ಹೊಡೆದಿದ್ದೇನೆ, ಅಷ್ಟೇ. ಆದರೆ ಹಾರುವ ಚಿತ್ರವೇ ಬೇಡ ಅನ್ನುವ ಮಡಿವಂತಿಕೆ ನನಗೆ ಆಗಲ್ಲ. ಹೆಬ್ಬಾತಿನ ಚೆಂದ ಇರುವುದೇ ರೆಕ್ಕೆ ಬಿಚ್ಚಿದಾಗ. ಕೂತರೆ ಬಾತುಕೋಳಿ.

ಶಿಗ್ಲಿ ರಸ್ತೆಯವ:
ಹಾರುವುದೇ ಬೇಕಾದರೆ ಹತ್ತೂವರೆಗೆ ಯಾಕೆ ಬರ್ತೀರಿ? ಸೂರ್ಯ ಹುಟ್ಟುವ ಮುಂಚೆ ಏರಿ ಮೇಲೆ ಬಂದು ಕೂತುಬಿಡಿ. ಹೊಲದಿಂದ ಗುಂಪು ಗುಂಪಾಗಿ ತಾವೇ ಬರುತ್ತಾವೆ, ನಿಮ್ಮ ತಲೆ ಮೇಲೆಯೇ, ಮುಖ ನಿಮ್ಮ ಕಡೆಗೇ. ಇಳಿಯುವಾಗ ಕಾಲು ಮುಂದೆ ಚಾಚಿ, ರೆಕ್ಕೆ ಹಿಂದಕ್ಕೆ ಎಳೆದು, ಬ್ರೇಕ್ ಹಾಕಿದ ಹಾಗೆ ಇಳಿಯುತ್ತಾವೆ. ಯಾರೂ ಏನೂ ತಟ್ಟಬೇಕಾಗಿಲ್ಲ. ತಿಂಡಿ ಆಮೇಲೆ ತಿನ್ನಿ. ಗಾಡಿ ಮಾತ್ರ ರಸ್ತೆಯಲ್ಲೇ ನಿಲ್ಲಿಸಿ.

ಆರುನೂರು ಎಂಎಂ:
ಆ ಹೊತ್ತಿಗೆ ಬೆಳಕು ಎಲ್ಲಿ? ಎಫ್/6.3ರಲ್ಲಿ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 6400 ಮೇಲೆ ಹೋಗುತ್ತದೆ. ಬರೀ ಕಾಳು ಕಾಳು.

ಮಿಂಚುಳ್ಳಿ:
ಕಾಳು ತೆಗೆಯುವ ಸಾಫ್ಟ್‌ವೇರ್ ಇದೆ. ಬೆನ್ನು ತಿರುಗಿಸಿ ಮುಖ ಮಾಡಿಸುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಬಾಡಿಗೆ ಲೆನ್ಸ್:
ಎರಡು ವಾರ ಬಿಟ್ಟು ಮತ್ತೆ ಹೋಗುತ್ತೇನೆ, ಹಿಂದಿನ ರಾತ್ರಿಯೇ ಲಕ್ಷ್ಮೇಶ್ವರದಲ್ಲಿ ಉಳಿದು. ಕಾಲರ್ ಹುಡುಕುತ್ತೇನೆ. ಟ್ರೈಪಾಡ್ ಬೇಡ, ಏರಿ ಮೇಲೆ ಮಲಗಿ ತೆಗೆಯೋಣ ಅಂತಿದ್ದೇನೆ. ಎರಡು ಕಿಲೋ ಲೆನ್ಸಿಗೆ ಬೀನ್‌ಬ್ಯಾಗ್ ಮನೆಯಲ್ಲೇ ಮಾಡಬಹುದಾ?

ಕಳ್ಳಿಪೀರ:
ಹಳೇ ಜೀನ್ಸಿನ ಒಂದು ಕಾಲು ಕತ್ತರಿಸಿ ಎರಡೂ ಕಡೆ ಹೊಲಿಯಿರಿ. ಮುಕ್ಕಾಲು ಭಾಗ ತುಂಬಿ, ಪೂರ್ತಿ ಬೇಡ, ಲೆನ್ಸ್ ಕೂರಲ್ಲ. ನಾನು ರಾಗಿ ತುಂಬಿದ್ದೆ. ಭಾರ ಚೆನ್ನಾಗಿ ಕೂರುತ್ತದೆ, ಆದರೆ ಮಳೆಗಾಲದಲ್ಲಿ ಒಮ್ಮೆ ನೆನೆದು ಮೊಳಕೆ ಬಂತು.

ಶಿಗ್ಲಿ ರಸ್ತೆಯವ:
ಕಡಲೆ ತುಂಬಬೇಡಿ. ಹೆಬ್ಬಾತು ನಿಮ್ಮ ಹತ್ತಿರವೇ ಬಂದುಬಿಡ್ತಾವೆ.