ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಮಿಸ್ಸಿಂಗ್ ಹೊಡೆಯುತ್ತಿದೆ, ಮನೆಯಲ್ಲೇ ಕಾರಣ ಹುಡುಕಬಹುದಾ?

ಕೋಡಿಬಾಗದವ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಈಚೆಗೆ ಒಂದು ಹಳೆ ಕಾರು ತಗೊಂಡೆ. 2013ರ ಮಾಡೆಲ್, 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್. ಬಾಡಿ ಗಟ್ಟಿ ಇದೆ, ಎಸಿ ಚೆನ್ನಾಗಿದೆ, ಟೈರಿನ ಬಗ್ಗೆಯೂ ದೂರಿಲ್ಲ. ತೊಂದರೆ ಇಂಜಿನ್ನಿನದು, ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗಡಗಡ ನಡುಗುತ್ತದೆ, ಸೀಟಿನವರೆಗೂ ಅದುರು ಬರುತ್ತದೆ. ಸ್ವಲ್ಪ ಬಿಸಿಯಾದ ಮೇಲೆ ತನ್ನಷ್ಟಕ್ಕೆ ಸರಿಯಾಗುತ್ತದೆ. ಅಂಕೋಲಾ ತನಕ ಹೈವೇಯಲ್ಲಿ ಏನೂ ತಕರಾರಿಲ್ಲ. ಆದರೆ ಯಲ್ಲಾಪುರದ ಕಡೆ ಹೊರಟು ಅರಬೈಲ್ ಘಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಳೆಯುವುದೇ ಇಲ್ಲ, ಜಗ್ಗಿ ಜಗ್ಗಿ ಹೋಗುತ್ತದೆ, ಆಗ ಇಂಜಿನ್ ಲೈಟ್ ಮಿಣುಕ್ ಮಿಣುಕ್ ಅನ್ನಲು ಶುರು ಮಾಡುತ್ತದೆ. ಮಳೆ ದಿನ ಇನ್ನೂ ಜಾಸ್ತಿ.

ಗ್ಯಾರೇಜಿನಲ್ಲಿ ತೋರಿಸಿದೆ. ನಾಲ್ಕು ಕಾಯಿಲ್ (ಪ್ಲಗ್ಗಿಗೆ ಜೋರು ಕರೆಂಟ್ ಕೊಡುವುದು), ನಾಲ್ಕು ಪ್ಲಗ್ (ಸಿಲಿಂಡರಿನಲ್ಲಿ ಕಿಡಿ ಹಾರಿಸುವುದು), ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವುದು) ಕ್ಲೀನಿಂಗ್, ಎಲ್ಲಾ ಒಟ್ಟಿಗೆ ಮಾಡಿಬಿಡಿ ಅಂದರು. ಯಾವುದು ಹೋಗಿದೆ ಅಂತ ಕೇಳಿದರೆ ಸರಿಯಾದ ಉತ್ತರ ಇಲ್ಲ. ನನ್ನ ಹತ್ತಿರ ಸ್ಪ್ಯಾನರ್ ಸೆಟ್, ಒಂದು ಮಲ್ಟಿಮೀಟರ್ ಇದೆ. ನಾನೇ ಹುಡುಕಬಹುದಾ? ಎಲ್ಲಿಂದ ಶುರು ಮಾಡಲಿ?

ಘಟ್ಟದ ಮೇಲಿನವ, ಶಿರಸಿ

ಖಂಡಿತ ಹುಡುಕಬಹುದು ಮಾರಾಯ್ರೆ. ಆದರೆ ಮೊದಲು ಒಂದು ಮಾತು: ಲೈಟ್ ಸುಮ್ನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ ಅಂತ ಅರ್ಥ. ಅದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದರೆ ಒಳಗಿನ ಜೇನುಗೂಡಿನಂಥ ಭಾಗ ಕರಗಿ ಕಟ್ಟಿಕೊಳ್ಳುತ್ತದೆ. ಅದರ ರೇಟಿನ ಮುಂದೆ ನಾಲ್ಕು ಕಾಯಿಲ್ ಏನೂ ಅಲ್ಲ. ಕಾರಣ ಸಿಗುವ ತನಕ ದಯವಿಟ್ಟು ಘಟ್ಟ ಹತ್ತಿಸಬೇಡಿ.

ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಹಿಡಿದ ದೋಷದ ಕೋಡ್ ಓದುವ ಸಾಧನ) ತರಿಸಿಕೊಳ್ಳಿ, ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿ ಸಿಕ್ಕಿಸಿ ಫೋನಿನಲ್ಲಿ ನೋಡಿ. ಪಿ0300 ಬಂದರೆ ಯಾವುದೋ ಒಂದೆರಡು ಸಿಲಿಂಡರ್, ಗೊತ್ತಾಗುತ್ತಿಲ್ಲ ಅಂತ. ಪಿ0301ರಿಂದ ಪಿ0304 ಆದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಸಾಮಾನ್ಯವಾಗಿ ಬೆಲ್ಟ್ ಇರುವ ಕಡೆಯಿಂದ ಒಂದು, ಎರಡು ಅಂತ ಎಣಿಸಬೇಕು. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ.

ಆಮೇಲೆ ಹೊಸ ಸಾಮಾನು ತರಬೇಡಿ, ಇರುವುದನ್ನೇ ಅದಲುಬದಲು ಮಾಡಿ. ಇಂಜಿನ್ ಆಫ್, ಪೂರ್ತಿ ತಣ್ಣಗಿರಬೇಕು. ಪಿ0302 ಅಂತ ಬಂದರೆ ಎರಡನೇ ಕಾಯಿಲ್ ಮೂರಕ್ಕೆ, ಮೂರನೆಯದು ಎರಡಕ್ಕೆ. ಕೋಡ್ ಅಳಿಸಿ, ಮತ್ತೆ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಹೋಗಿದೆ. ಎರಡರಲ್ಲೇ ನಿಂತರೆ ಕಾಯಿಲ್ ಸರಿ ಇದೆ, ಪ್ಲಗ್ ಅದಲುಬದಲು ಮಾಡಿ. ಆಗಲೂ ಎರಡೇ ಅಂದರೆ ಇಂಜೆಕ್ಟರ್, ಇಲ್ಲವೇ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಹಿಂಡಿದಾಗ ಬರುವ ಒತ್ತಡ). ಕನೆಕ್ಟರಿನ ಲಾಕ್ ಹಳೆ ಪ್ಲಾಸ್ಟಿಕ್, ಮುರಿಯುತ್ತದೆ, ಉಗುರಿನಿಂದ ನಿಧಾನ ಒತ್ತಿ ಬಿಡಿಸಿ. ಓಡುವ ಇಂಜಿನ್ನಿನಲ್ಲಿ ಕಾಯಿಲ್ ಕೈಯಿಂದ ಕೀಳುವ ಕೆಲಸ ಮಾತ್ರ ಬೇಡ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಮಲ್ಟಿಮೀಟರ್ ಇಲ್ಲಿ ಜಾಸ್ತಿ ಸಹಾಯ ಮಾಡುವುದಿಲ್ಲ. ಪ್ಲಗ್ ಮೇಲೆ ನೇರ ಕೂರುವ ಇಂಥ ಕಾಯಿಲ್ ಒಳಗೆ ಬಹಳ ಸಲ ಇಲೆಕ್ಟ್ರಾನಿಕ್ಸ್ ಇರುತ್ತದೆ, ಓಮ್ಸ್ ಸರಿ ತೋರಿಸಿದರೂ ಲೋಡ್ ಬಿದ್ದಾಗ ಕೈ ಕೊಡುತ್ತದೆ.

ಕುಮಟಾ ಕರಾವಳಿ

ಮೇಲೆ ಹೇಳಿದ್ದು ಸರಿ. ನಮ್ಮ ಕಡೆಯ ಗಾಡಿಗೆ ಇನ್ನೊಂದು ಸೇರಿಸುತ್ತೇನೆ. ಮಳೆಯಲ್ಲಿ ಜಾಸ್ತಿ ಅಂದಿರಲ್ಲ, ಹಾಗಾದರೆ ಕಾಯಿಲ್ ಎತ್ತಿದ ಕೂಡಲೇ ಪ್ಲಗ್ ಕೂರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ನೀರು ನಿಂತಿರಬಹುದು, ತುಕ್ಕು ಇರಬಹುದು. ವಾಷಿಂಗಿನಲ್ಲಿ ಇಂಜಿನ್ ಮೇಲೆ ಪ್ರೆಶರ್ ನೀರು ಬಿಟ್ಟ ಗಾಡಿಗಳಲ್ಲಿ ಇದು ಮಾಮೂಲು. ಸಮುದ್ರದ ಗಾಳಿಗೆ ಕನೆಕ್ಟರ್ ಪಿನ್ನಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಬ್ಯಾಟರಿಯಿಂದ ಬಾಡಿಗೆ, ಇಂಜಿನ್ನಿಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ಕೂಡ ಬಿಚ್ಚಿ ಉಜ್ಜಿ ಹಾಕಿ. ಗಾಡಿ ತೆಂಗಿನ ಮರದ ಬುಡದಲ್ಲೋ ಕೊಟ್ಟಿಗೆ ಪಕ್ಕವೋ ನಿಲ್ಲುತ್ತಿದ್ದರೆ ಇಲಿ ವೈರ್ ಕಡಿದಿದೆಯಾ ನೋಡಿ.

ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಇಂಜಿನ್ ಓಡಿಸಿ, ಸ್ವಲ್ಪ ದೂರ ನಿಂತು ಕಾಯಿಲ್ ಸುತ್ತ ನೋಡಿ. ಕರೆಂಟ್ ಪಕ್ಕದಿಂದ ಸೋರುತ್ತಿದ್ದರೆ ನೀಲಿ ಕಿಡಿ ಕಾಣಬಹುದು. ಮುಟ್ಟಬೇಡಿ.

ಹೊನ್ನಾವರ 47

ಕಾಯಿಲ್ ಬಿಚ್ಚುವ ಮೊದಲು ಪೆಟ್ರೋಲ್ ನೋಡಿ ಸಾರ್. ಈಗಿನದು ಎಥೆನಾಲ್ ಬೆರೆಸಿದ್ದು, ಅದು ನೀರು ಎಳೆಯುತ್ತದೆ. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿದರೂ ಹೀಗೇ ಜಗ್ಗುತ್ತದೆ. ಇಂಜೆಕ್ಟರ್ ಕ್ಲೀನ್ ಮಾಡಿಸುವುದು ತಪ್ಪಲ್ಲ.

ಘಟ್ಟದ ಮೇಲಿನವ, ಶಿರಸಿ

ಎಥೆನಾಲ್ ನೀರು ಎಳೆಯುವುದು ನಿಜ. ಆದರೆ ಪೆಟ್ರೋಲ್ ಕೆಟ್ಟರೆ ನಾಲ್ಕೂ ಸಿಲಿಂಡರಿಗೆ ಅದೇ ಪೆಟ್ರೋಲ್ ತಾನೆ ಹೋಗುವುದು, ಒಂದೇ ಸಿಲಿಂಡರ್ ಯಾಕೆ ದೂರು ಹೇಳಬೇಕು? ಕೋಡ್ ಬರಲಿ, ಅದೇ ಹೇಳುತ್ತದೆ.

ಕೋಡಿಬಾಗದವ

ಸ್ಕ್ಯಾನರ್ ಬಂತು. ಪಿ0302 ಇದೆ, ಜೊತೆಗೆ ಪಿ0300. ಎರಡನೇ ಕಾಯಿಲ್ ಎತ್ತಿದೆ. ನೀರಿಲ್ಲ, ಎಣ್ಣೆ ಇದೆ! ಗುಂಡಿಯ ಕೆಳಗೆ ಪ್ಲಗ್ಗಿನ ಸುತ್ತ ಕಪ್ಪು ಇಂಜಿನ್ ಆಯಿಲ್ ನಿಂತಿದೆ. ಕಾಯಿಲಿನ ಕೆಳಗಿನ ರಬ್ಬರ್ ಉಬ್ಬಿ ಮೆತ್ತಗಾಗಿದೆ, ಒತ್ತಿದರೆ ಬೆರಳಿಗೆ ಅಂಟುತ್ತದೆ. ಒಂದು, ಮೂರು, ನಾಲ್ಕು ಒಣಗಿವೆ. ಇನ್ನೊಂದು ಗಮನಿಸಿದೆ: ಉಳಿದ ಮೂರು ಕಾಯಿಲ್ ಬಣ್ಣ ಮಾಸಿ ಬೂದಿ ಆಗಿವೆ, ಎರಡನೆಯದು ಮಾತ್ರ ಕಪ್ಪಗೆ, ಅದರ ಸ್ಟಿಕ್ಕರ್ ಅಕ್ಷರ ಕೂಡ ಇನ್ನೂ ಓದಲು ಬರುತ್ತದೆ. ಅದನ್ನು ಮೂರಕ್ಕೆ ಹಾಕಿ ಓಡಿಸಿದೆ. ಪಿ0303 ಬಂತು. ಹಾಗಾದರೆ ಒಂದು ಕಾಯಿಲ್ ತಂದರೆ ಸಾಕಲ್ಲವಾ?

ಘಟ್ಟದ ಮೇಲಿನವ, ಶಿರಸಿ

ಸಾಕಾಗುವುದಿಲ್ಲ. ನಿಮ್ಮ ಸ್ಟಿಕ್ಕರಿನ ಮಾತೇ ಇಲ್ಲಿ ಮುಖ್ಯ. ನಾಲ್ಕರಲ್ಲಿ ಅದೊಂದೇ ಹೊಸದು, ಹೋಗಿರುವುದೂ ಅದೇ. ಅಂದರೆ ಮೊದಲಿನ ಓನರ್ ಕಾಲದಲ್ಲೇ ಇದೇ ಸಿಲಿಂಡರ್ ಮಿಸ್ಸಿಂಗ್ ಹೊಡೆದಿರಬೇಕು, ಯಾರೋ ಕಾಯಿಲ್ ಬದಲಿಸಿ ಕಳಿಸಿದ್ದಾರೆ. ಎಣ್ಣೆ ಸೋರುವುದು ನಿಲ್ಲಿಸಿಲ್ಲ. ನೀವು ಈಗ ಇನ್ನೊಂದು ಹಾಕಿದರೆ ಅದನ್ನೂ ಎಣ್ಣೆ ತಿನ್ನುತ್ತದೆ.

ನಡೆಯುತ್ತಿರುವುದು ಇಷ್ಟು. ಟ್ಯಾಪೆಟ್ ಕವರ್ ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳದಲ್ಲಿ ಪ್ರತಿ ಪ್ಲಗ್ ಕೊಳವೆಗೂ ಒಂದು ರಬ್ಬರ್ ಸೀಲ್ ಇರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಗಟ್ಟಿಯಾಗಿ ಬಿರುಕು ಬಿಟ್ಟು ಎಣ್ಣೆ ಕೆಳಗಿಳಿಯುತ್ತದೆ. ಎಣ್ಣೆಗೆ ಕಾಯಿಲಿನ ರಬ್ಬರ್ ಸಡಿಲವಾಗುತ್ತದೆ. ಆಗ ಕರೆಂಟ್ ಪ್ಲಗ್ಗಿನ ತುದಿಗೆ ಹೋಗಿ ಹಾರುವ ಬದಲು ರಬ್ಬರಿನ ಪಕ್ಕದಿಂದ ಲೋಹಕ್ಕೆ ಇಳಿದುಬಿಡುತ್ತದೆ. ಘಟ್ಟದಲ್ಲಿ ಯಾಕೆ ಜಾಸ್ತಿ ಅಂದರೆ, ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಅಷ್ಟು ಏರಿದ ಕೂಡಲೇ ಕರೆಂಟ್ ಸುಲಭದ ದಾರಿ ಹುಡುಕುತ್ತದೆ. ಬೆಳಿಗ್ಗೆ, ಮಳೆಯಲ್ಲಿ ಗುಂಡಿಯೊಳಗೆ ತೇವ ಇರುತ್ತದೆ, ಬಿಸಿಯಾದರೆ ಆರುತ್ತದೆ. ಸಪಾಟು ಹೈವೇಯಲ್ಲಿ ಲೋಡ್ ಇಲ್ಲ, ಹಾಗಾಗಿ ಅಂಕೋಲಾ ತನಕ ಸರಿ ಹೋಗುತ್ತದೆ.

ಬೇಕಾದದ್ದು: ಸೀಲ್ ಸಮೇತ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಕಿಟ್, ಒಂದು ಕಾಯಿಲ್, ನಾಲ್ಕು ಪ್ಲಗ್. ಇಂಜೆಕ್ಟರ್ ಈಗ ಬೇಡವೇ ಬೇಡ.

ಕುಮಟಾ ಕರಾವಳಿ

ಪ್ಲಗ್ ಬಿಚ್ಚುವ ಮೊದಲು ಆ ಎಣ್ಣೆ ಪೂರ್ತಿ ತೆಗೆಯಿರಿ, ಮರೀಬೇಡಿ. ಕಡ್ಡಿಗೆ ಬಟ್ಟೆ ಸುತ್ತಿ ಹೀರಿಸಿ, ಇಲ್ಲವೇ ಸಿರಿಂಜಿಗೆ ಸಣ್ಣ ಪೈಪ್ ಹಾಕಿ ಎಳೆಯಿರಿ. ಇಲ್ಲದಿದ್ದರೆ ಪ್ಲಗ್ ಎತ್ತಿದ ಕೂಡಲೇ ಕೊಳೆ ಸಮೇತ ಸಿಲಿಂಡರಿಗೆ ಇಳಿಯುತ್ತದೆ. ಎರಡನೇ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಪೆನ್ಸಿಲ್ ಗೀಟಿನ ಹಾಗೆ ಕಪ್ಪು ಗೆರೆ ಇದ್ದರೆ ಕರೆಂಟ್ ಅಲ್ಲಿಂದಲೇ ಇಳಿದಿದೆ. ಅಂಥ ಪ್ಲಗ್ ಒರೆಸಿ ಹಾಕಿದರೆ ಪ್ರಯೋಜನ ಇಲ್ಲ, ಹೊಸ ಕಾಯಿಲನ್ನೂ ಹಾಳು ಮಾಡುತ್ತದೆ.

ಹೊಸ ಪ್ಲಗ್ ಮೊದಲು ಕೈಯಿಂದಲೇ ತಿರುಗಿಸಿ, ಸಲೀಸಾಗಿ ಕೂತ ಮೇಲೆ ಮಾತ್ರ ಸ್ಪ್ಯಾನರ್. ಪ್ಲಗ್ ಕೂರುವ ಇಂಜಿನ್ ಹೆಡ್ ಅಲ್ಯುಮಿನಿಯಂ, ಥ್ರೆಡ್ ಹೋದರೆ ದೊಡ್ಡ ತಲೆನೋವು. ಕವರ್ ಬೋಲ್ಟ್ ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಜೋರು ಮಾಡಿದರೆ ಹೊಸ ಗ್ಯಾಸ್ಕೆಟ್ ಹಿಂಡಿ ಮತ್ತೆ ಸೋರುತ್ತದೆ.

ನಾಲ್ಕೂ ಪ್ಲಗ್ ಹೊರಗಿದ್ದಾಗ ಯಾರ ಹತ್ತಿರವಾದರೂ ಕಂಪ್ರೆಶನ್ ಗೇಜ್ ಸಿಕ್ಕರೆ ನಾಲ್ಕನ್ನೂ ಅಳೆದುಬಿಡಿ. ಕಾಯಿಲ್, ಇಂಜೆಕ್ಟರ್ ಕನೆಕ್ಟರ್ ಎಲ್ಲಾ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಗುಂಡಿಗೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ, ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು. ಹಳೆ ಗಾಡಿ ತಗೊಂಡವರು ಇದೊಂದನ್ನು ನೋಡಿಟ್ಟುಕೊಂಡರೆ ಒಳ್ಳೆಯದು.

ಕೋಡಿಬಾಗದವ

ಕಪ್ಪು ಗೆರೆ ಇದೆ, ಸ್ಪಷ್ಟ ಕಾಣುತ್ತದೆ. ಗ್ಯಾಸ್ಕೆಟ್ ಕಿಟ್ ಇಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಿಂದ ಬರಬೇಕು. ಅಲ್ಲಿಯ ತನಕ ಪ್ಲಗ್, ಕಾಯಿಲ್ ಹೊಸದು ಹಾಕಿ ಊರೊಳಗೆ ಓಡಿಸಬಹುದಾ?

ಘಟ್ಟದ ಮೇಲಿನವ, ಶಿರಸಿ

ಹೊಸ ಕಾಯಿಲ್ ಈಗಲೇ ಹಾಕಬೇಡಿ, ಕಿಟ್ ಬಂದ ದಿನ ಹಾಕಿ. ಆ ತನಕ ಹೊಸ ಪ್ಲಗ್ ಹಾಕಿ, ಗುಂಡಿ ಒರೆಸಿ, ಹಳೆ ಕಾಯಿಲ್ಲನ್ನೇ ಒಣಗಿಸಿ ಕೂರಿಸಿ. ಲೈಟ್ ಮಿಣುಕದಿದ್ದರೆ ಬಜಾರಿಗೆ ನಿಧಾನ ಹೋಗಿ ಬನ್ನಿ. ಮಿಣುಕಿದರೆ ಅಲ್ಲೇ ನಿಲ್ಲಿಸಿ, ಬಸ್ಸಿಗೆ ಹೋಗಿ. ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಸ್ಕ್ಯಾನರ್ ಸಿಕ್ಕಿಸಿಕೊಂಡೇ ಅರಬೈಲ್ ಹತ್ತಿಸಿ ನೋಡಿ, ಜೊತೆಗೆ ಒಬ್ಬರನ್ನು ಕೂರಿಸಿಕೊಂಡು ಫೋನ್ ಅವರ ಕೈಗೆ ಕೊಡಿ.