ಕಾಯಿಲ್‌ನಲ್ಲಿ ಕರೆಂಟ್ ಯಾವ ಕಡೆ ಹರಿಯುತ್ತದೆ?

ಪ್ರಶ್ನೆ: ದ್ವಿತೀಯ ಪಿಯು ವಿದ್ಯಾರ್ಥಿನಿ, ಗಂಗಾವತಿ

ನಮಸ್ಕಾರ ಸರ್. ಫಿಸಿಕ್ಸ್‌ನಲ್ಲಿ ಲೆಂಜ್ ನಿಯಮ, ಅಂದರೆ ಮ್ಯಾಗ್ನೆಟ್ ಅಲುಗಿದಾಗ ಕಾಯಿಲ್‌ನಲ್ಲಿ (ತಂತಿ ಸುರುಳಿಯಲ್ಲಿ) ಹುಟ್ಟುವ ಕರೆಂಟ್ ಯಾವ ಕಡೆ ಅಂತ ಹೇಳುವ ನಿಯಮ, ಬಂದರೆ ನನಗೆ ಪ್ರತಿ ಸಲ ದಿಕ್ಕು ತಪ್ಪುತ್ತದೆ. ಮೊನ್ನೆ ಟೆಸ್ಟ್‌ನಲ್ಲಿ ಎರಡು ಪ್ರಶ್ನೆ ಇದ್ದವು. ಮ್ಯಾಗ್ನೆಟ್‌ನ ಉತ್ತರ ಧ್ರುವ ಕಾಯಿಲ್ ಹತ್ತಿರ ಬರುತ್ತಿದೆ, ಕರೆಂಟ್ ಯಾವ ಕಡೆ ಅಂತ ಮೊದಲನೆಯದು. ಅದು ಸರಿ ಬಂತು. ಅದೇ ಮ್ಯಾಗ್ನೆಟ್ ದೂರ ಹೋಗುತ್ತಿದ್ದರೆ ಅಂತ ಎರಡನೆಯದು. ‘ವಿರೋಧಿಸುತ್ತದೆ’ ಅಂತ ಪುಸ್ತಕದಲ್ಲಿದೆ ಅಲ್ವಾ, ಆಗಲೂ ಮ್ಯಾಗ್ನೆಟ್‌ಗೆ ಎದುರೇ ಇರಬೇಕು ಅಂದುಕೊಂಡು ಮೊದಲಿನ ಉತ್ತರವನ್ನೇ ಬರೆದೆ. ತಪ್ಪಾಯಿತು. ಯಾಕೆ ತಪ್ಪು? ಏನಾದರೂ ಟ್ರಿಕ್ ಇದೆಯಾ?

ಉತ್ತರ: ಐಟಿಐ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕ, ಕೊಪ್ಪಳ

ನೋಡು ತಂಗಿ, ನೀನು ಎಡವಿದ್ದು ಒಂದೇ ಕಡೆ. ಕಾಯಿಲ್‌ಗೆ ಮ್ಯಾಗ್ನೆಟ್ ಮೇಲೆ ಯಾವ ದ್ವೇಷವೂ ಇಲ್ಲ. ಅದು ವಿರೋಧಿಸುವುದು ಬದಲಾವಣೆಯನ್ನು. ತನ್ನೊಳಗೆ ಎಷ್ಟು ಕಾಂತ ರೇಖೆ ಇದ್ದವೋ ಅಷ್ಟೇ ಇರಲಿ ಅನ್ನುವುದು ಅದರ ಸ್ವಭಾವ. ರೇಖೆ ಜಾಸ್ತಿಯಾಗಲು ಹೊರಟರೆ ತಡೆಯುತ್ತದೆ. ಕಡಿಮೆಯಾಗಲು ಹೊರಟರೆ ಉಳಿಸಿಕೊಳ್ಳಲು ನೋಡುತ್ತದೆ. ಉತ್ತರ ಧ್ರುವ ದೂರ ಹೋಗುವಾಗ ಕಾಯಿಲ್ ‘ಹೋಗಬೇಡ’ ಅಂತ ಎಳೆಯಬೇಕು ತಾನೇ? ಎಳೆಯಬೇಕೆಂದರೆ ಅದರ ಎದುರು ಮುಖ ದಕ್ಷಿಣ ಧ್ರುವವಾಗಬೇಕು. ನೀನು ಉತ್ತರವೇ ಅಂತ ಹಿಡಿದೆ. ಅಲ್ಲಿಂದ ಮುಂದೆ ಬಲಗೈ ನಿಯಮ ಸರಿಯಾಗಿ ಹಾಕಿದರೂ ಉತ್ತರ ತಪ್ಪೇ ಬರುತ್ತದೆ.

ಹಾಗಾಗಿ ಬಲಗೈ ಎತ್ತುವ ಮೊದಲು ಎರಡು ಮಾತು ಕೇಳಿಕೋ. ಕಾಯಿಲ್‌ನೊಳಗೆ ಈಗ ರೇಖೆಗಳು ಯಾವ ಕಡೆ ಹೋಗುತ್ತಿವೆ? ಅವು ಜಾಸ್ತಿಯಾಗುತ್ತಿವೆಯೋ ಕಡಿಮೆಯಾಗುತ್ತಿವೆಯೋ? ಜಾಸ್ತಿಯಾದರೆ ಕಾಯಿಲ್‌ನ ಕರೆಂಟ್ ಹುಟ್ಟಿಸುವ ಹೊಸ ರೇಖೆ ಎದುರು ದಿಕ್ಕಿಗೆ, ಕಡಿಮೆಯಾದರೆ ಅದೇ ದಿಕ್ಕಿಗೆ. ಇದನ್ನು ಪೆನ್ಸಿಲ್‌ನಲ್ಲಿ ಬಾಣ ಹಾಕಿಯೇ ಗುರುತಿಸಬೇಕು. ಮನಸ್ಸಿನಲ್ಲೇ ಮಾಡಲು ಹೋದವರು ತಪ್ಪುವುದನ್ನು ನಾನು ವರ್ಷಾವರ್ಷ ನೋಡುತ್ತೇನೆ. ಆಮೇಲೆ ಬಲಗೈ ಹೆಬ್ಬೆರಳನ್ನು ಆ ಹೊಸ ರೇಖೆಯ ಕಡೆ ಚಾಚು. ಉಳಿದ ಬೆರಳು ಮಡಚುವ ಕಡೆಗೆ ಕರೆಂಟ್ ಹರಿಯುತ್ತದೆ.

ನಿನ್ನ ಪ್ರಶ್ನೆಗೇ ಹಾಕಿ ನೋಡೋಣ. ಮ್ಯಾಗ್ನೆಟ್ ಇರುವ ಕಡೆ ನಿಂತು ಕಾಯಿಲ್ ನೋಡು. ಉತ್ತರ ಧ್ರುವ ಹತ್ತಿರ ಬಂದಾಗ ಹೊಸ ರೇಖೆ ನಿನ್ನ ಕಡೆಗೆ ಬರಬೇಕು. ಹೆಬ್ಬೆರಳು ನಿನ್ನತ್ತ ಇಟ್ಟರೆ ಬೆರಳು ಅಪ್ರದಕ್ಷಿಣವಾಗಿ ಸುತ್ತುತ್ತವೆ. ದೂರ ಹೋದಾಗ ಹೊಸ ರೇಖೆ ನಿನ್ನಿಂದ ಆಚೆಗೆ, ಕರೆಂಟ್ ಪ್ರದಕ್ಷಿಣ.

‘ಯಾವ ಕಡೆಯಿಂದ ನೋಡಿದಾಗ’ ಅನ್ನುವುದನ್ನು ಬರೆಯದೆ ಬಿಡಬೇಡ. ಹುಲಿಗೆಮ್ಮನ ಗುಡಿಗೆ ಹೋದಾಗ ಪ್ರದಕ್ಷಿಣೆ ಹಾಕುತ್ತೀವಲ್ಲ, ದೇವಿ ಯಾವಾಗಲೂ ನಮ್ಮ ಬಲಕ್ಕೆ. ಮೇಲೆ ಗೋಪುರದಿಂದ ನೋಡುವವರಿಗೆ ನಾವು ಗಡಿಯಾರದ ಮುಳ್ಳಿನಂತೆ ಸುತ್ತುತ್ತಿರುತ್ತೇವೆ. ನೆಲದೊಳಗೆ ಕೂತು ಮೇಲಕ್ಕೆ ನೋಡುವವರೊಬ್ಬರು ಇದ್ದರೆ, ಅವರ ಕಣ್ಣಿಗೆ ಅದೇ ಸುತ್ತು ಅಪ್ರದಕ್ಷಿಣ! ನಡೆದವರು ಅವರೇ, ಹೆಜ್ಜೆಯೂ ಅದೇ. ಕಾಯಿಲ್‌ದೂ ಹೀಗೆಯೇ.

ಪ್ರಶ್ನೆ: ಅದೇ ವಿದ್ಯಾರ್ಥಿನಿ

ಸರ್, ಈಗ ಗೊತ್ತಾಯಿತು. ಇನ್ನೊಂದು ಲೆಕ್ಕ ಇದೆ. ಪುಟದ ಒಳಕ್ಕೆ ಹೋಗುವ ಕಾಂತ ಕ್ಷೇತ್ರ. ಒಂದು ಚೌಕದ ತಂತಿ ಎಡದಿಂದ ಬಂದು, ಅದರೊಳಗೆ ಹೋಗಿ, ಬಲಕ್ಕೆ ಹೊರಗೆ ಬರುತ್ತದೆ. ಪೂರ್ತಿ ಒಳಗಿದ್ದಾಗ ಜಾಸ್ತಿ ಕರೆಂಟ್ ಇರಬೇಕು ಅಲ್ವಾ?

ಉತ್ತರ: ಬೋಧಕ, ಕೊಪ್ಪಳ

ಇಲ್ಲ. ಪೂರ್ತಿ ಒಳಗಿದ್ದಾಗ ಕರೆಂಟೇ ಇಲ್ಲ. ಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇದ್ದರೆ, ಚೌಕ ಎಷ್ಟೇ ಜೋರಾಗಿ ಓಡಿದರೂ ಅದರೊಳಗಿನ ರೇಖೆಗಳ ಲೆಕ್ಕ ಬದಲಾಗುವುದಿಲ್ಲ. ಬದಲಾವಣೆ ಇಲ್ಲದ ಮೇಲೆ ವಿರೋಧಿಸಲು ಏನಿದೆ? ಒಳಗೆ ಬರುವಾಗ ಒಳಮುಖ ರೇಖೆ ಜಾಸ್ತಿಯಾಗುತ್ತವೆ, ಕರೆಂಟ್ ಅಪ್ರದಕ್ಷಿಣ. ಹೊರಗೆ ಹೋಗುವಾಗ ಕಡಿಮೆಯಾಗುತ್ತವೆ, ಪ್ರದಕ್ಷಿಣ. ಎರಡೂ ಪುಟವನ್ನು ಎದುರಿಗಿಟ್ಟು ನೋಡಿದಾಗ.

ಪ್ರಶ್ನೆ: ರೈಸ್ ಮಿಲ್ ಆಪರೇಟರ್, ಕಾರಟಗಿ

ನಾನು ಹೆಚ್ಚು ಓದಿದವನಲ್ಲ ಸರ್. ಇದನ್ನೆಲ್ಲ ಓದುತ್ತಾ ಒಂದು ನೆನಪಾಯಿತು. ಕರೆಂಟ್ ಹೋದಾಗ ನಾವು ಡೀಸೆಲ್ ಜನರೇಟರ್ ಹಾಕುತ್ತೇವೆ. ಖಾಲಿ ಓಡುವಾಗ ಹಗುರವಾಗಿರುತ್ತದೆ. ದೊಡ್ಡ ಮೋಟಾರ್ ಆನ್ ಮಾಡಿದ ಕೂಡಲೇ ಇಂಜಿನ್ ಉಸಿರು ಕಟ್ಟಿದ ಹಾಗೆ ಗೊರ್ ಅನ್ನುತ್ತದೆ, ಹೊಗೆ ಕಪ್ಪಗೆ ಬರುತ್ತದೆ. ಇಂಜಿನ್‌ಗೂ ಮೋಟಾರ್‌ಗೂ ನಡುವೆ ಇರುವುದು ಬರೀ ವೈರ್. ಭಾರ ಹೇಗೆ ಹೋಗಿ ಮುಟ್ಟುತ್ತದೆ?

ಉತ್ತರ: ಬೋಧಕ, ಕೊಪ್ಪಳ

ಅಣ್ಣಾ, ಇದು ಬಹಳ ಒಳ್ಳೆ ಪ್ರಶ್ನೆ. ನೀವು ಕಿವಿಯಲ್ಲಿ ಕೇಳುತ್ತಿರುವುದೇ ಲೆಂಜ್ ನಿಯಮ.

ಜನರೇಟರ್ ಖಾಲಿ ಓಡುವಾಗ ಅದರ ವೈಂಡಿಂಗ್‌ನಲ್ಲಿ, ಅಂದರೆ ಒಳಗಿನ ತಂತಿ ಸುತ್ತಿನಲ್ಲಿ, ವೋಲ್ಟೇಜ್ ಇರುತ್ತದೆ, ಆದರೆ ದಾರಿ ಪೂರ್ತಿಯಾಗಿಲ್ಲ, ಕರೆಂಟ್ ಹರಿಯುವುದಿಲ್ಲ. ಮೋಟಾರ್ ಆನ್ ಮಾಡಿದ ಕೂಡಲೇ ಹರಿಯುತ್ತದೆ. ಆ ಕರೆಂಟ್ ತನ್ನದೇ ಕಾಂತ ಕ್ಷೇತ್ರ ಹುಟ್ಟಿಸಿ, ತನ್ನನ್ನು ಹುಟ್ಟಿಸಿದ ತಿರುಗಾಟವನ್ನೇ ಹಿಡಿದು ನಿಲ್ಲಿಸಲು ನೋಡುತ್ತದೆ. ರೋಟರ್‌ಗೆ, ಅಂದರೆ ಒಳಗೆ ತಿರುಗುವ ಭಾಗಕ್ಕೆ, ಯಾರೋ ಕೈ ಅಡ್ಡ ಇಟ್ಟ ಹಾಗೆ. ಅದನ್ನು ಮೀರಿ ತಿರುಗಿಸಲು ಇಂಜಿನ್ ಜಾಸ್ತಿ ಡೀಸೆಲ್ ಕುಡಿಯುತ್ತದೆ. ನೀವು ಅಕ್ಕಿ ಮಾಡಲು ಬಳಸುವ ಶಕ್ತಿ ಆ ಡೀಸೆಲ್‌ನಿಂದಲೇ ಬಂದದ್ದು.

ಒಂದು ಕ್ಷಣ ಉಲ್ಟಾ ಯೋಚಿಸಿ. ಕರೆಂಟ್ ವಿರೋಧಿಸುವ ಬದಲು ತಿರುಗಾಟಕ್ಕೆ ನೆರವಾಗಿದ್ದರೆ? ರೋಟರ್‌ಗೆ ಒಮ್ಮೆ ತಳ್ಳು ಕೊಟ್ಟರೆ ಸಾಕು, ಅದು ತಾನೇ ಜೋರಾಗುತ್ತಾ ಹೋಗಿ, ಡೀಸೆಲ್ ಇಲ್ಲದೆ ಮಿಲ್ ನಡೆಸುತ್ತಿತ್ತು. ಶಕ್ತಿ ಹಾಗೆ ಪುಕ್ಕಟೆ ಹುಟ್ಟುವುದಿಲ್ಲ. ಅದಕ್ಕೇ ದಿಕ್ಕು ಯಾವಾಗಲೂ ವಿರೋಧದ ಕಡೆಗೇ.

ಶಕ್ತಿನಗರದ ಥರ್ಮಲ್ ಸ್ಟೇಷನ್‌ನಲ್ಲೂ ಇದೇ ನಡೆಯುತ್ತದೆ. ಅಲ್ಲಿನ ರೋಟರ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ, ನಮ್ಮ 50 ಹರ್ಟ್ಜ್ (ಸೆಕೆಂಡಿಗೆ 50 ಆವರ್ತನದ) ಕರೆಂಟ್ ಬರಬೇಕಲ್ಲ. ಏಪ್ರಿಲ್ ಬಿಸಿಲಿಗೆ ರಾಯಚೂರಿನ ಮನೆಮನೆಯಲ್ಲಿ ಕೂಲರ್ ಹಾಕಿದಾಗ ಇಂಥ ರೋಟರ್‌ಗಳು ಭಾರವಾಗುತ್ತವೆ. ಆಗ ಟರ್ಬೈನ್‌ಗೆ ಹಬೆ ಜಾಸ್ತಿ ಬೇಕು, ಹಬೆಗೆ ಕಲ್ಲಿದ್ದಲು ಜಾಸ್ತಿ ಬೇಕು. ಮೈಕೆಲ್ ಫ್ಯಾರಡೆ 1831ರಲ್ಲಿ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುವುದನ್ನು ತೋರಿಸಿದರು. ಮೂರು ವರ್ಷದ ಮೇಲೆ, 1834ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಹೈನ್ರಿಕ್ ಲೆಂಜ್ ದಿಕ್ಕಿನ ನಿಯಮ ಹೇಳಿದರು. ಕಾಯಿಲ್‌ನಲ್ಲಿ ಹುಟ್ಟುವ ವೋಲ್ಟೇಜ್ ಲೆಕ್ಕ ಹಾಕುವ ಫ್ಯಾರಡೆಯ ಸೂತ್ರದಲ್ಲಿರುವ ಮೈನಸ್ ಗುರುತು ಅದೇ, ತಂಗಿ. ಉತ್ತರ ಬರೆಯುವಾಗ ಬಿಡಬೇಡ.

ಪ್ರಶ್ನೆ: ರೈತ, ಸಿರುಗುಪ್ಪ

ಸರ್, ಬೋರ್ ಮೋಟಾರ್ ಆಫ್ ಮಾಡುವಾಗ ಸ್ಟಾರ್ಟರ್ ಒಳಗೆ ಚಟ್ ಅಂತ ಕಿಡಿ ಬರುತ್ತದೆ. ಆನ್ ಮಾಡುವಾಗ ಅಷ್ಟು ಇಲ್ಲ. ಇದಕ್ಕೂ ಆ ನಿಯಮಕ್ಕೂ ಸಂಬಂಧ ಇದೆಯಾ?

ಉತ್ತರ: ಬೋಧಕ, ಕೊಪ್ಪಳ

ಇದೆ ಅಣ್ಣಾ, ನೇರ ಸಂಬಂಧವೇ ಇದೆ. ಮೋಟಾರ್ ಅಂದರೆ ದೊಡ್ಡ ಕಾಯಿಲ್. ನೀವು ಆಫ್ ಒತ್ತಿದಾಗ ಅದರಲ್ಲಿನ ಕರೆಂಟ್ ಒಮ್ಮೆಲೇ ಬೀಳಬೇಕು. ಕಾಯಿಲ್ ಬೀಳಗೊಡುವುದಿಲ್ಲ. ಹರಿಯುತ್ತಿದ್ದ ದಿಕ್ಕಿನಲ್ಲೇ ಮುಂದಕ್ಕೆ ತಳ್ಳುತ್ತದೆ. ಇಲ್ಲಿ ವಿರೋಧ ಅಂದರೆ ತಿರುಗಿ ಹರಿಯುವುದು ಅಲ್ಲ ಅನ್ನುವುದನ್ನು ಗಮನಿಸಿ. ನಿಲ್ಲುವುದಕ್ಕೆ ವಿರೋಧ, ಹಾಗಾಗಿ ಅದೇ ದಿಕ್ಕು. ಬದಲಾವಣೆ ಎಷ್ಟು ಬೇಗ ಆಗುತ್ತದೋ ವೋಲ್ಟೇಜ್ ಅಷ್ಟು ಜಾಸ್ತಿ ಏಳುತ್ತದೆ. ಸ್ಟಾರ್ಟರ್‌ನಲ್ಲಿ ಕೂಡಿ ಬಿಡುವ ಪಾಯಿಂಟ್‌ಗಳ ನಡುವಿನ ಗಾಳಿಯನ್ನೇ ಕರೆಂಟ್ ದಾಟಿ ಹಾರುತ್ತದೆ. ಅದೇ ನಿಮ್ಮ ಕಿಡಿ. ಪಾಯಿಂಟ್ ಸುಟ್ಟು ಕಪ್ಪಾಗುವುದಕ್ಕೆ ಇದು ಒಂದು ಕಾರಣ. ದಯವಿಟ್ಟು ಮೇನ್ ಆಫ್ ಮಾಡದೆ ಸ್ಟಾರ್ಟರ್ ಮುಚ್ಚಳ ತೆಗೆಯಬೇಡಿ. ಹೊಲದಲ್ಲಿ ಒದ್ದೆ ಕಾಲಿನಲ್ಲಿ ನಿಂತು ಆ ಕೆಲಸ ಮಾಡುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ.

ಪ್ರಶ್ನೆ: ವಿದ್ಯಾರ್ಥಿನಿ, ಗಂಗಾವತಿ

ಸರ್, ಮನೆಯಲ್ಲಿ ಮಾಡಿ ನೋಡುವಂಥ ಪ್ರಯೋಗ ಇದೆಯಾ?

ಉತ್ತರ: ಬೋಧಕ, ಕೊಪ್ಪಳ

ಇದೆ. ದಪ್ಪ ತಾಮ್ರದ ಪೈಪ್ ಒಂದು ತುಂಡು ಬೇಕು, ಅಲ್ಯುಮಿನಿಯಂ ಆದರೂ ನಡೆಯುತ್ತದೆ. ಅದರೊಳಗೆ ಸಡಿಲವಾಗಿ ಹೋಗುವ ನಿಯೋಡಿಮಿಯಂ ಅನ್ನುವ ಬಲವಾದ ಮ್ಯಾಗ್ನೆಟ್. ಪೈಪ್‌ಗೆ ಮ್ಯಾಗ್ನೆಟ್ ಅಂಟುವುದಿಲ್ಲ ಅಂತ ಮೊದಲು ಮುಟ್ಟಿಸಿ ನೋಡಿಕೋ. ಪೈಪ್ ನೆಟ್ಟಗೆ ಹಿಡಿದು ಒಂದು ಸಣ್ಣ ಕಲ್ಲು ಬಿಡು. ಪೈಪ್ ಒಂದು ಮೀಟರ್ ಇದ್ದರೂ ಅರ್ಧ ಸೆಕೆಂಡ್ ಆಗುವ ಮೊದಲೇ ಕೆಳಗಿರುತ್ತದೆ. ಈಗ ಮ್ಯಾಗ್ನೆಟ್ ಬಿಟ್ಟು ಮೇಲಿಂದ ಇಣುಕು. ಜೇನುತುಪ್ಪದಲ್ಲಿ ಇಳಿದ ಹಾಗೆ, ಗೋಡೆಗೆ ತಾಗದೆ, ನಿಧಾನಕ್ಕೆ ಇಳಿಯುತ್ತದೆ. ನನ್ನ ಹುಡುಗರು ಇದನ್ನು ಹತ್ತು ಸಲ ಮಾಡಿದರೂ ಸಾಕು ಅನ್ನುವುದಿಲ್ಲ.

ಪೈಪ್ ಅಂದರೆ ಒಂದರ ಮೇಲೊಂದು ಇಟ್ಟ ಬಳೆಗಳು ಅಂದುಕೋ. ಉತ್ತರ ಧ್ರುವ ಕೆಳಗೆ ಮಾಡಿ ಮ್ಯಾಗ್ನೆಟ್ ಬಿಟ್ಟರೆ, ಅದರ ಕೆಳಗಿನ ಬಳೆಯಲ್ಲಿ ಮತ್ತು ಮೇಲಿನ ಬಳೆಯಲ್ಲಿ ಕರೆಂಟ್ ಯಾವ ಕಡೆ? ನೀನೇ ಹೇಳು.

ವಿದ್ಯಾರ್ಥಿನಿ, ಗಂಗಾವತಿ

ಎರಡು ಬಳೆ ಬರೆದು ಬಾಣ ಹಾಕಿದೆ ಸರ್. ಎರಡರಲ್ಲೂ ರೇಖೆ ಕೆಳಮುಖ. ಕೆಳಗಿನ ಬಳೆಯಲ್ಲಿ ಜಾಸ್ತಿಯಾಗುತ್ತಿದೆ, ಹಾಗಾಗಿ ಹೊಸ ರೇಖೆ ಮೇಲಕ್ಕೆ, ಕರೆಂಟ್ ಅಪ್ರದಕ್ಷಿಣ. ಮೇಲಿನ ಬಳೆಯಲ್ಲಿ ಕಡಿಮೆಯಾಗುತ್ತಿದೆ, ಹೊಸ ರೇಖೆ ಕೆಳಕ್ಕೆ, ಪ್ರದಕ್ಷಿಣ. ಎರಡೂ ಮೇಲಿನಿಂದ ನೋಡಿದಾಗ. ಕೆಳಗಿನದು ತಳ್ಳುತ್ತದೆ, ಮೇಲಿನದು ಎಳೆಯುತ್ತದೆ. ಅದಕ್ಕೇ ನಿಧಾನ ಅಲ್ವಾ ಸರ್?

ಬೋಧಕ, ಕೊಪ್ಪಳ

ಪೂರ್ತಿ ಸರಿ, ಎಲ್ಲಿಂದ ನೋಡಿದ್ದು ಅಂತಲೂ ಬರೆದಿದ್ದೀಯ. ಪೈಪ್ ಸಿಕ್ಕರೆ ಇನ್ನೊಂದು ತುಂಡನ್ನು ಉದ್ದಕ್ಕೂ ಸೀಳಿಸಿ ತಂದು ಅದರಲ್ಲೂ ಬಿಟ್ಟು ನೋಡು. ಬಳೆ ಒಡೆದರೆ ಕರೆಂಟ್‌ಗೆ ಪೂರ್ತಿ ಸುತ್ತು ಸಿಗುವುದಿಲ್ಲ, ಮ್ಯಾಗ್ನೆಟ್ ಬೇಗ ಬೀಳುತ್ತದೆ. ಎಷ್ಟು ಬೇಗ ಅಂತ ಮೊಬೈಲ್‌ನಲ್ಲಿ ಅಳೆದು ಇಲ್ಲೇ ಹಾಕು.